ತಣ್ಣೀರಿನ ಊರಿಗೆ ಕೊಳವೆ ಒಲೆ

ನಾನು ದಿಂಡಿಗಲ್ಲಿಗೆ ಹೋದದ್ದು ಹಂಡೆ ತರಲು. ಅದರಲ್ಲಿ ಅನುಮಾನವಿಲ್ಲ. ಉಳಿದದ್ದನ್ನು ಇಷ್ಟು ವರ್ಷ ಹೇಳಿ ಹೇಳಿ ನುಣುಪು ಮಾಡಿಟ್ಟಿದ್ದೇನೆ. ಓದುವವರು ಪೂರ್ತಿ ನಂಬದಿರುವುದು ಒಳ್ಳೆಯದು.

ಸಾವಿರದ ಎಂಟುನೂರ ತೊಂಬತ್ತು ದಾಟಿದ ಮೇಲಿನ ಯಾವುದೋ ಒಂದು ಮಾರ್ಗಳಿ ತಿಂಗಳು, ಅಂದರೆ ಧನುರ್ಮಾಸ. ನಮ್ಮದು ತಮಿಳು ಸೀಮೆಯಲ್ಲಿ ಕನ್ನಡದವರ ಊರು, ಕಂಬಂ ಕಣಿವೆಯಲ್ಲಿ, ಬೆಟ್ಟದ ಬುಡಕ್ಕೆ. ಬೆಟ್ಟದ ತೊರೆ ನೇರ ನಮ್ಮ ಹಿತ್ತಲ ಕಾಲುವೆಗೇ ಇಳಿಯುತ್ತಿತ್ತು. ಆ ಚಳಿಯಲ್ಲಿ ಬೆಳಿಗ್ಗೆ ಅದರೊಳಗೆ ಕೈಯಿಟ್ಟರೆ ಬೆರಳು ನಮ್ಮದೋ ಪಕ್ಕದ ಮನೆಯವರದೋ ತಿಳಿಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ತಂಗಿ ಚೊಚ್ಚಲ ಹೆರಿಗೆಗೆ ಬಂದು, ಗಂಡು ಹೆತ್ತು ಮಲಗಿದ್ದಳು. ಬಾಣಂತಿಗೆ ನೀರು ಕಾಯಿಸುವ ತಾಮ್ರದ ಹಂಡೆಯ ತಳ ಆಗಲೇ ಬಿರಿಯಬೇಕೆ?

ಬಯಲುಸೀಮೆಯ ವೇದಸಂದೂರಿನಲ್ಲಿದ್ದ ಅವಳ ಅತ್ತೆ ಹೇಳಿ ಕಳಿಸಿದರು: ಹೆರಿಗೆಯ ಹದಿನಾರನೆಯ ದಿನ ತಾವೇ ಬಂದು ನೋಡುವುದಾಗಿ, ಬಿಸಿನೀರಿಗೆ ಕೊರತೆ ಕಂಡರೆ ತಾಯಿ ಮಗು ಇಬ್ಬರನ್ನೂ ಅಂದೇ ಗಾಡಿ ಹತ್ತಿಸುವುದಾಗಿ.

ತಂಗಿ ನನ್ನನ್ನು ಬಾಗಿಲ ಹತ್ತಿರ ಕರೆದಳು. "ಅಣ್ಣಾ, ಅಲ್ಲಿಗೋದ್ರೆ ಮಾರನೇ ದಿನವೇ ನನ್ ಕೈಗೆ ಪೊರಕೆ ಕೊಡ್ತಾರೆ. ಹನ್ನೊಂದು ದನ ಐತೆ ಆ ಹಟ್ಟೀಲಿ. ಮೂರು ತಿಂಗ ಇಲ್ಲೇ ಬಿದ್ದಿರ್ತೀನಿ. ಏನಾದ್ರೂ ಮಾಡು."

ದಿಂಡಿಗಲ್ಲಿನ ಶಾಲೆಯಲ್ಲಿ ಓದಿದವನು ನಾನು, ಆದ್ದರಿಂದ ಪಾತ್ರೆ ಆರಿಸಲೂ ನಾನೇ.

ಕಂಚುಗಾರರ ಬೀದಿಯ ತುದಿಯಲ್ಲಿ ಒಂದು ಅಂಗಡಿ. ಕೊಡೈಕಾನಲ್ ಬಂಗಲೆಗಳಿಂದ ತಮ್ಮ ಊರಿಗೆ ಮರಳಿದ ಬಿಳಿಯ ದೊರೆಗಳ ಸಾಮಾನುಗಳನ್ನು ಅಲ್ಲಿ ಮಾರುತ್ತಿದ್ದರು. ಹಂಡೆ ಕೊಳ್ಳಬೇಕಾದವನು ಅಲ್ಲಿ ಯಾಕೆ ನಿಂತೆನೋ! ಬಾಗಿಲಲ್ಲೇ ಎರಡು ಯಂತ್ರಗಳಿದ್ದವು. ಕೆಳಗೆ ಇದ್ದಿಲ ಒಲೆ, ನಡುವೆ ಸುತ್ತಿ ಸುತ್ತಿ ಇಳಿಯುವ ತಾಮ್ರದ ಕೊಳವೆ, ಮೇಲೆ ಆಲಿಕೆ, ಪಕ್ಕದಲ್ಲಿ ನಲ್ಲಿ. ಒಂದು ನನ್ನೆತ್ತರ, ಕರಿ ಹಿಡಿದು ಕುರೂಪವಾಗಿತ್ತು. ಇನ್ನೊಂದು ಚಿಕ್ಕದು, ಹಿತ್ತಾಳೆಯದು, ಸಿಂಹದ ಪಾದಗಳ ಮೇಲೆ ನಿಂತಿತ್ತು.

"ತುಂಬಿಡೋದೇ ಬೇಡ ತಂಬಿ," ಎಂದು ಅಂಗಡಿಯಾತ ತಮಿಳಿನಲ್ಲಿ ಶುರುಮಾಡಿದ. "ಕಾಯೋ ತನಕ ಕೂತಿರೋದೂ ಬೇಡ. ಮೇಲೆ ಹೊಯ್ಯಿ, ಕೆಳಗೆ ಬಿಸಿ." ಒಲೆಗೆ ಕೆಂಡ ಹಾಕಿ, ಬಿಸಿಲಲ್ಲಿದ್ದ ಕಲ್ಲುತೊಟ್ಟಿಯಿಂದ ಒಂದು ಕೊಡ ತಂದು ಚಿಕ್ಕದಕ್ಕೆ ಹೊಯ್ದ. ಹೊಗೆಯಾಡುವ ನೀರು ದಪ್ಪವಾಗಿ ಧುಮುಕಿತು. ನಾನು ಸೋತೆ.

ಆತ ಪ್ರಾಮಾಣಿಕ. ಹಣ ತೆಗೆದುಕೊಳ್ಳುವ ಮುಂಚೆ ಕೇಳಿದ: "ನಿಮ್ಮೂರ ನೀರು ತುಂಬ ತಣ್ಣಗೋ? ಹಾಗಿದ್ದರೆ ಕರಿಯದನ್ನೇ ಒಯ್ಯಿ. ಅದರಲ್ಲಿ ಸುತ್ತು ಜಾಸ್ತಿ. ನೀರು ಬೆಂಕಿಯೊಳಗೆ ಹೆಚ್ಚು ಹೊತ್ತು ಇರುತ್ತದೆ."

ಈಗ ನೋಡಿ. ಮೂರು ವರ್ಷ ಆ ಊರಿನ ಉಪ್ಪುನೀರು ಕುಡಿದು, ಒಂದೊಂದು ಗುಟುಕಿಗೂ ಮುಖ ಹಿಂಡಿ, ನಮ್ಮ ನೀರನ್ನು ಹೊಗಳಿಕೊಂಡು ಬದುಕಿದವನು ನಾನು. ಕಣಿವೆಯವರೆಲ್ಲ ಹಾಗೇ, ದಿಂಡಿಗಲ್ಲಿನವರ ಎದುರು ನಮ್ಮ ನೀರಿಗೆ ಒಂದು ಕುಂದು ಒಪ್ಪಿಕೊಳ್ಳುವುದೆಂದರೆ ಹೆತ್ತವರನ್ನು ಬಿಟ್ಟುಕೊಟ್ಟ ಹಾಗೆ. "ನಮ್ಮ ನೀರಿಗೇನಂತೆ? ಅದಕ್ಕೆ ಒಂದು ದೋಷ ತೋರಿಸಿ ನೋಡೋಣ," ಎಂದೆ. ಆತ ಭುಜ ಹಾರಿಸಿ, ಸಿಂಹದ ಪಾದದ್ದನ್ನು ಹುಲ್ಲಲ್ಲಿ ಸುತ್ತಿಕೊಟ್ಟ.

ಮನೆಯಲ್ಲಿ ಅಜ್ಜಿ ಗಾಡಿಯೊಳಗೆ ಇಣುಕಿದಳು. "ಹಂಡೆ ಎಲ್ಲೋ?"

"ಇದೇ ಅಜ್ಜಿ. ಇನ್ಮೇಲೆ ಹಂಡೆ ಬೇಕಾಗಿಲ್ಲ."

"ನಿನ್ನ ಓದ್ಸಿದ್ದೂ ಬೇಕಾಗಿರ್ಲಿಲ್ಲ."

ಬಾಣಂತಿಗೆ ಎರೆಯುವವಳು ಅಜ್ಜಿಯೇ. ನಮ್ಮಲ್ಲಿ ಅದು ಸುಮ್ಮನೆ ಸುರಿಯುವ ಸ್ನಾನವಲ್ಲ. ಎಣ್ಣೆ ತಿಕ್ಕಿ, ಮಣೆಯ ಮೇಲೆ ಕೂರಿಸಿ, ಸುಡುಸುಡು ನೀರನ್ನು ಸೊಂಟಕ್ಕೆ ಬೀಸಿ ಬೀಸಿ ಹೊಡೆಯಬೇಕು. ಯಂತ್ರದ ನಲ್ಲಿ ಪೂರ್ತಿ ತಿರುಗಿಸಿದರೆ ತೊರೆಯ ನೀರು ತೊರೆಯ ನೀರಾಗಿಯೇ ಬಂತು. ಕಿರಿದು ಮಾಡಿದರೆ ಬಿಸಿ ಬಂತು, ನೂಲಿನಷ್ಟು.

"ಕರು ಉಚ್ಚೆ ಹೊಯ್ದ್ರೂ ಇದ್ಕಿಂತ ದಪ್ಪ ಬತ್ತದೆ," ಎಂದಳು ಅಜ್ಜಿ.

ಬಚ್ಚಲಿನ ತಟ್ಟಿಯ ಹಿಂದಿನಿಂದ ತಂಗಿಯ ದನಿ, ಹಲ್ಲು ಕಟಕಟಿಸುತ್ತ: "ಅಣ್ಣಾ, ಸೊಂಟಕ್ಕಾಯ್ತು. ಬೆನ್ನಿಗೆ ನಾಳೆ ಬರ್ತದಾ?"

ಉಪಾಯ ಹೇಳಿದ್ದು ನಾನು ಎಂದು ಬಹಳ ಕಾಲ ಹೇಳಿಕೊಂಡು ಬಂದೆ. ಅವ್ವ ಹೇಳಿದ್ದಿರಬೇಕು, ಅದು ಅಷ್ಟು ಸರಳ: ಬೆಚ್ಚಗಿನ ನೀರು ಹೊಯ್ದರೆ ಬಿಸಿ ಬರುತ್ತದೆ. ಹಾಗಾಗಿ ಹದಿನಾರನೆಯ ಬೆಳಿಗ್ಗೆ ಬೀದಿಯ ಆರು ಮನೆಗಳ ಒಲೆಗಳ ಮೇಲೆ ನಮ್ಮ ನೀರು ಕಾಯುತ್ತಿತ್ತು. ನೀರು ಕಾಯಿಸುವ ಯಂತ್ರಕ್ಕೆ ಹೊಯ್ಯಲು! ಬಚ್ಚಲ ಹಿಂದೆ ಹೆಂಗಸರು ಕೊಡ ಹಿಡಿದು ಸಾಲು ನಿಂತರು. ನಾನು ತಟ್ಟಿಯ ಆಚೆ ಏಣಿ ಹತ್ತಿ ಆಲಿಕೆಗೆ ಹೊಯ್ಯುವವನು. ಆದ್ದರಿಂದ ಒಳಗಿನ ಸಂಗತಿ ನಾನು ಕಂಡದ್ದಲ್ಲ, ಕೇಳಿದ್ದು.

ಬೀಗಿತಿ ಬಂದವರೇ ನಲ್ಲಿಯ ಕೆಳಗೆ ಕೈಯೊಡ್ಡಿದರು. "ಅಮ್ಮಾಡಿ!" ಕೈ ಹಿಂದಕ್ಕೆಳೆದ ಸದ್ದು, ಬಳೆಗಳ ಸದ್ದು. ತಂಗಿಯ ಸ್ನಾನ ಮುಗಿಯಿತು. ನಾನು ಏಣಿಯಿಂದ ಇಳಿಯುವುದರಲ್ಲಿದ್ದೆ.

"ನನ್ಗೂ ಒಸಿ ಎಣ್ಣೆ ಹಚ್ರೀ."

ಮಣೆ ಕಿರುಗುಟ್ಟಿತು. ಬೀಗಿತಿ ದೊಡ್ಡ ಹೆಂಗಸು. "ಬರ್ಲಿ... ಇನ್ನೂ ಬರ್ಲಿ... ಯಾಕೆ ನಿಂತೋಯ್ತು?" ಕೊಡಗಳು ಮುಗಿದಿದ್ದವು. ಪಕ್ಕದ ಮನೆಯಾಕೆ ಅನ್ನಕ್ಕೆಂದು ಇಟ್ಟ ಎಸರನ್ನೇ ತಂದುಕೊಟ್ಟಳು.

ಸಂಜೆ ಹೊರಡುವ ಮಾತೇ ಇಲ್ಲ. ಮಾರನೆಯ ಬೆಳಿಗ್ಗೆ ಅವರು ಎಣ್ಣೆ ಬಟ್ಟಲು ಹಿಡಿದು ಬಚ್ಚಲ ಬಾಗಿಲಲ್ಲಿದ್ದರು. ಅದರ ಮಾರನೆಯ ದಿನವೂ. ಬೀದಿಯಲ್ಲಿ ಸೌದೆ ಮುಗಿಯುತ್ತ ಬಂತು. ನಾಲ್ಕನೆಯ ದಿನ ನಾನು ಆಲಿಕೆಗೆ ಹೊಯ್ಯುತ್ತಿರುವಾಗ ಏಣಿಯ ಬುಡದಲ್ಲಿ ಯಾರೋ ಕೆಮ್ಮಿದರು. ಒದ್ದೆ ತಲೆಗೆ ಬಟ್ಟೆ ಸುತ್ತಿ ಬೀಗಿತಿ ನಿಂತಿದ್ದರು. ಅವರ ಹಿಂದೆ ಕೊಡ ಹಿಡಿದ ಸಾಲು. ಮುಗಿಯಿತು, ಗಾಡಿ ಕಟ್ಟುತ್ತಾರೆ ಎಂದುಕೊಂಡೆ.

"ಅತ್ತೆ, ಇದು... ಯಂತ್ರ ಹೊಸದು, ಅದ್ಕೆ..."

"ಇಳಿಯಪ್ಪ, ಬಿದ್ದೀಯ. ಬಂದ್ ದಿನವೇ ಗೊತ್ತಾಯ್ತು. ಆರು ಮನೆ ಒಟ್ಟಿಗೆ ಹೊಗೆಯಾಡಿದ್ರೆ ನನ್ಗೇನು ಕಣ್ಣಿಲ್ವಾ?"

ಅವರು ಸಾಲಿನ ಮೊದಲ ಕೊಡದೊಳಗೆ ಕೈ ಅದ್ದಿ ನೋಡಿದರು.

"ನಮ್ಮೂರಲ್ಲಿ ನೀರು ಹಂಗೇ ಬೆಚ್ಚಗಿರ್ತದೆ. ಅದ್ಕೆ ನನ್ಗೆ ಒಬ್ರೂ ಒಂದು ಚೊಂಬು ಕಾಯ್ಸಿ ಕೊಟ್ಟೋರಿಲ್ಲ. ಬಾಣಂತನ್ದಲ್ಲೂ ಇಲ್ಲ." ಹೀಗೆ ಅಂದದ್ದು ನನ್ನ ನೆನಪು. ಅವರು ಅಷ್ಟು ಮೆತ್ತಗೆ ಮಾತಾಡುವವರೇ ಅಲ್ಲ, ಕಡೆಯದನ್ನು ನೀನೇ ಸೇರಿಸಿದ್ದು ಎನ್ನುತ್ತಾಳೆ ತಂಗಿ. ಇರಬಹುದು. ಮುಂದಿನದನ್ನು ಮಾತ್ರ ಸಾಲಿನಲ್ಲಿದ್ದವರೆಲ್ಲ ಕೇಳಿದ್ದಾರೆ: "ಹುಡ್ಗಿ ಮೂರು ತಿಂಗ ಇಲ್ಲೇ ಇರ್ಲಿ. ನಾನು ಪೊಂಗಲ್ ಹಬ್ಬ ಮುಗಿಸ್ಕೊಂಡು ಹೋಗ್ತೀನಿ. ನಾಳೆ ಎರಡು ಕೊಡ ಜಾಸ್ತಿ."

ನಾನು ಓಡಿ ಹೋಗಿ ತಂಗಿಗೆ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಹೆರಿಗೆಯಾದ ಮೇಲೆ ಮೊದಲ ಸಲ ಗೊರಕೆ ಹೊಡೆದಳು. ಮಗು ಅತ್ತರೂ ಏಳಲಿಲ್ಲ. ಆಗ ಅದನ್ನೆತ್ತಿಕೊಂಡು ಅಂಗಳದಲ್ಲಿ ಅಡ್ಡಾಡಿದವನು ನಾನು. ನೀನಲ್ಲ, ನಮ್ಮತ್ತೆ ಎನ್ನುತ್ತಾಳೆ ತಂಗಿ, ಆಗ ನಿದ್ದೆ ಮಾಡುತ್ತಿದ್ದವಳು.