ತೋಳಿನ ಮೇಲಿದ್ದ ಪುಟ್ಟರಾಜ

ಹೋದ ವಾರ ಬೆಟ್ಟದಪುರದಲ್ಲಿ ನಮ್ಮ ಟೈಲರ್ ಲಕ್ಷ್ಮಿ ಟೇಪನ್ನು ನನ್ನ ಭುಜಕ್ಕಿಟ್ಟು, ಕೇಳದೆಯೇ ಮೊಣಕೈ ದಾಟಿಸಿ ಒಂದು ಗೇಣು ಕೆಳಕ್ಕೆ ಎಳೆದಳು. ಅವಳು ಹೊಲಿಯಲು ಶುರುಮಾಡಿದ ಇಪ್ಪತ್ತು ವರ್ಷದಿಂದ ನನ್ನ ರವಿಕೆಯ ತೋಳು ಅಷ್ಟುದ್ದವೇ. ಬೇಸಿಗೆಯಲ್ಲೂ ಅಷ್ಟೇ, ಮದುವೆಮನೆಯಲ್ಲೂ ಅಷ್ಟೇ. ನಾನು ಅವಳ ಕೈ ಹಿಡಿದು, "ಅಲ್ಲಿಗಂಟ ಬ್ಯಾಡ ಕಣೆ, ಇಲ್ಲಿಗೇ ನಿಲ್ಸು" ಎಂದು ಮೊಣಕೈಗಿಂತ ಮೇಲೆ ತೋರಿಸಿದೆ.

"ಏನಕ್ಕಾ, ವಯಸ್ಸು ಹಿಂದಕ್ಕೆ ಓಡ್ತಾ ಅದಾ?" ಎಂದು ನಕ್ಕಳು. ಆಮೇಲೆ ನನ್ನ ಬಲಗೈಯನ್ನು ಬೆಳಕಿಗೆ ತಿರುಗಿಸಿ ನೋಡಿ, ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಎಲ್ಲೋದ ಅವ್ನು?"

ಅವನು ಎಂದರೆ ಪುಟ್ಟರಾಜ. ನನಗೂ ಅವನಿಗೂ ಏನು ನಂಟು ಎಂದು ನೀವು ತಪ್ಪು ತಿಳಿಯುವ ಮೊದಲೇ ಹೇಳಿಬಿಡುತ್ತೇನೆ. ಅವನ ಮುಖವನ್ನು ನಾನು ಕಂಡದ್ದು ಒಂದೇ ಸಲ, ಅದೂ ಬಾಗಿಲ ಸಂದಿಯಿಂದ.

ನನ್ನ ತವರು ಭೇರ್ಯದ ಹತ್ತಿರದ ಒಂದು ಹಳ್ಳಿ. ಹಚ್ಚೆ ಇಲ್ಲದ ಹೆಣ್ಣಿನ ಕೈಯಿಂದ ನೀರು ಕುಡಿಯಬಾರದು ಎನ್ನುವ ಮಾತು ನಮ್ಮ ಕಡೆ ಆಗ ಇನ್ನೂ ಬದುಕಿತ್ತು. ವೀಳ್ಯಶಾಸ್ತ್ರ ಮುಗಿದ ಎರಡನೇ ದಿನಕ್ಕೇ ಅವ್ವ ಹಚ್ಚೆ ಹುಯ್ಯುವ ಕೊರವಂಜಿಯನ್ನು ಜಗುಲಿಗೆ ಕರೆಸಿದಳು. ಎಡಗೈಗೆ ತುಳಸಿಕಟ್ಟೆ ಆಯಿತು. ಗಲ್ಲಕ್ಕೊಂದು ಚುಕ್ಕೆ ಆಯಿತು. ಅಷ್ಟರಲ್ಲಿ ನಮ್ಮ ದೊಡ್ಡತ್ತೆಗೆ ಹೊಸ ಯೋಚನೆ ಬಂತು. "ಹೆಣ್ಮಗು ಗಂಡನ ಹೆಸ್ರ ಬಾಯಲ್ಲಿ ಹೇಳಂಗಿಲ್ಲ, ಕೈಯಲ್ಲಾದ್ರೂ ಇರ್ಲಿ ಬುಡು" ಎಂದಳು. ಕೊರವಂಜಿಗೆ ಓದು ಬರಹ ಬಾರದು. ಆದ್ದರಿಂದ ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನಮ್ಮಣ್ಣ ಪೆನ್ನಿನಲ್ಲಿ ನನ್ನ ಬಲಗೈ ಮೇಲೆ ಹೆಸರು ಬರೆದುಕೊಟ್ಟ, ಅವಳು ಅದರ ಮೇಲೇ ಸೂಜಿ ಆಡಿಸಿದಳು. ದೀಪದ ಮಸಿ, ಯಾವುದೋ ಸೊಪ್ಪಿನ ರಸ, ಮೇಲೆ ಬಳಿದ ಅರಿಶಿನ, ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ನಮ್ಮಣ್ಣನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅದೇ ನನಗೆ ಮುಳುವಾಯಿತು. ಅಕ್ಷರ ಸೊಟ್ಟಗಿದ್ದರೆ ಬಳ್ಳಿ ಎಂದೋ ಹೂವೆಂದೋ ಹೇಳಿ ಬದುಕಿಕೊಳ್ಳುತ್ತಿದ್ದೆ.

ಹದಿನೈದು ದಿನಕ್ಕೆ ಗಂಡಿನ ಕಡೆಯವರು ಎಲೆ ಅಡಿಕೆ ವಾಪಸ್ಸು ಕಳಿಸಿದರು. ಹುಡುಗನಿಗೆ ಸೋದರಮಾವನ ಮಗಳ ಮೇಲೇ ಮನಸ್ಸಂತೆ. ಅವನೇನೋ ಹೋದ, ಹೆಸರು ಹೋಗಲಿಲ್ಲ. ಒಂದು ವರ್ಷ ಪುಟ್ಟರಾಜ ಎಂಬ ಹೆಸರಿನ ಗಂಡನ್ನೇ ಹುಡುಕಿದರು ಎಂದರೆ ನೀವು ನಂಬುತ್ತೀರಾ? ಕೆ.ಆರ್. ನಗರದಲ್ಲಿ ಒಬ್ಬ ಸಿಕ್ಕಿದ್ದ, ಎರಡನೇ ಸಂಬಂಧ, ಒಂದು ಕಿವಿ ಕೇಳದು. ನಮ್ಮಪ್ಪ ಹೆಸರಿಗೆ ಮಗಳನ್ನು ಕೊಡುವುದಿಲ್ಲ ಎಂದು ಹಟ ಹಿಡಿದದ್ದು ದೇವರು ನನಗೆ ಮಾಡಿದ ಮೊದಲ ಉಪಕಾರ.

ಎರಡನೆಯ ಉಪಕಾರ ನಮ್ಮ ಯಜಮಾನರು. ಹೆಣ್ಣು ನೋಡಲು ಬಂದಾಗ ನಮ್ಮಪ್ಪನೇ ನನ್ನ ತೋಳು ಸರಿಸಿ ತೋರಿಸಿ, ನಡೆದದ್ದನ್ನೆಲ್ಲ ಹೇಳಿದರು. ಇವರು ಒಂದು ಸಲ ಓದಿಕೊಂಡು, "ಬರವಣ್ಗೆ ಚೆನ್ನಾಗದೆ, ಯಾರ್ದು?" ಎಂದರು. ಅಷ್ಟೇ. ಇವತ್ತಿನವರೆಗೂ ಅದರ ಬಗ್ಗೆ ಒಂದು ಕೊಂಕು ಮಾತಿಲ್ಲ. ಆ ಕೆಲಸವನ್ನು ನಮ್ಮತ್ತೆ ನೋಡಿಕೊಂಡರು. ನಾನು ಕೊಟ್ಟ ನೀರನ್ನು ಗಟಗಟ ಕುಡಿಯುತ್ತಲೇ ಹೇಳುವರು: "ಸತ್ತಾಗ ಒಡವೆ ಬರಕ್ಕಿಲ್ಲ, ಸೀರೆ ಬರಕ್ಕಿಲ್ಲ, ಹಚ್ಚೆ ಒಂದೇ ಜೊತೇಲಿ ಬರೋದು. ಮ್ಯಾಲೆ ನಿನ್ ಕೈ ನೋಡಿ, ಓಗವ್ವ ಪುಟ್ಟರಾಜನ ಮನೇಗೆ ಅಂದ್ರೆ ಏನ್ ಮಾಡೀಯೆ?"

ಉಳಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ದಿನಾ ದೀಪ ಹಚ್ಚಿ ಕೈ ಮುಗಿಯುವಾಗ ಆ ನಾಲ್ಕಕ್ಷರ ದೇವರ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದವು. ಕಟ್ಟಿಕೊಂಡವರ ಹೆಸರನ್ನು ಬಾಯಿಬಿಟ್ಟು ಹೇಳದವಳು, ಯಾರೋ ದಾರಿಹೋಕನ ಹೆಸರು ಹೊತ್ತು ದೇವರ ಮುಂದೆ ನಿಲ್ಲಬೇಕೇ? ಸುಣ್ಣ ತಿಕ್ಕಿದೆ, ಗೇರುಬೀಜದ ಎಣ್ಣೆ ಹಚ್ಚಿ ಬೊಬ್ಬೆ ಬರಿಸಿಕೊಂಡೆ. ಬೊಬ್ಬೆ ಒಣಗಿ ಉದುರಿದಾಗ ಪುಟ್ಟರಾಜ ಸ್ನಾನ ಮಾಡಿ ಬಂದವನ ಹಾಗೆ ಇನ್ನಷ್ಟು ಹೊಳೆಯುತ್ತಿದ್ದ.

ಎರಡು ವರ್ಷದ ಹಿಂದೆ ಪಿತ್ತಕೋಶದ ಕಲ್ಲಿಗೆ ಮೈಸೂರಿನಲ್ಲಿ ಆಪರೇಷನ್ ಆಯಿತು. ಒಳಗೆ ಕರೆದುಕೊಂಡು ಹೋಗುವ ಮುಂಚೆ ನನಗೆ ತುಂಡುತೋಳಿನ ಹಸಿರು ಅಂಗಿ ತೊಡಿಸಿದರು. ನರ್ಸಮ್ಮ ಬಲಗೈ ನೋಡಿದಳು. ಬಾಗಿಲಿಗೆ ಹೋಗಿ, "ಪುಟ್ಟರಾಜ ಅವರೇ, ಬನ್ನಿ, ಇಲ್ಲೊಂದು ಸಹಿ ಹಾಕಿ" ಎಂದು ಕೂಗಿದಳು. ಮಲಗಿದ್ದಲ್ಲಿಂದಲೇ ಕತ್ತು ತಿರುಗಿಸಿ ನೋಡಿದೆ. ನಮ್ಮ ಯಜಮಾನರು ಬೆಂಚಿನಿಂದ ಎದ್ದು, "ಬಂದೆ ಕಣಮ್ಮ" ಎಂದು ಹೋಗಿ, ಬಗ್ಗಿ ಸಹಿ ಹಾಕಿದರು.

ವಾರ್ಡಿಗೆ ಬಂದ ಮೇಲೆ ಕೇಳಿದೆ: "ಅಲ್ರೀ, ನಾನಲ್ಲ ಅವ್ನು ಅಂತ ಯಾಕೆ ಹೇಳ್ನಿಲ್ಲ?"

"ನಿನ್ನ ಹೊಟ್ಟೆ ಕುಯ್ಯಕ್ಕೆ ಕಾಯ್ತಾವ್ರೆ, ನಾನು ಹೆಸ್ರ ತಿದ್ಕೊಂಡು ಕೂರ್ಲಾ? ಬುಡು ಅತ್ಲಾಗೆ. ಸಹೀನ ಮಾತ್ರ ನಂದೇ ಹಾಕಿವ್ನಿ."

ಅವರು ಕಿತ್ತಳೆ ಸುಲಿಯುತ್ತಾ ಹೇಳಿದರು. ನಾನು ಗೋಡೆ ಕಡೆ ತಿರುಗಿ ಅತ್ತೆ. ನನ್ನ ಕೈಮೇಲಿನ ಹೆಸರಿನ ಚಿಂತೆಯಲ್ಲಿ ಅವರ ಹೆಸರಿನ ಕಡೆ ನಾನು ನೋಡೇ ಇರಲಿಲ್ಲ. ಅವತ್ತೇ ಬೆಟ್ಟದ ಮಲ್ಲಿಕಾರ್ಜುನನಿಗೆ ಹರಕೆ ಹೊತ್ತೆ: ಈ ಕೈ ಬರಿದು ಮಾಡಿಸು, ನಿನ್ನ ಮೆಟ್ಟಿಲನ್ನು ಬರಿಗೈಯಲ್ಲೇ ಹತ್ತಿ ಬರುತ್ತೇನೆ.

ಹಚ್ಚೆ ತೆಗೆಯುವ ಡಾಕ್ಟರು ಮೈಸೂರಿನಲ್ಲೇ ಸಿಕ್ಕರು. ಅಲ್ಲಿ ಸರದಿ ಕಾಯುವಾಗ ನನಗೆ ಇನ್ನೊಂದು ಸಮಾಧಾನವೂ ಸಿಕ್ಕಿತು. ಈ ಲೋಕದಲ್ಲಿ ನಾನೊಬ್ಬಳೇ ಪೆದ್ದಿಯಲ್ಲ. ಎಚ್.ಡಿ. ಕೋಟೆಯ ಒಬ್ಬ ಹುಡುಗಿ ಗಡಿ ಕಾಯುವ ಪಡೆಗೆ ಸೇರಲು ಹೊರಟಿದ್ದಳು, ಬಲಗೈ ಮೇಲೆ ಚಿಟ್ಟೆ. "ಸೆಲ್ಯೂಟ್ ಹೊಡಿಯೋ ಕೈ ಕಣಮ್ಮ, ಅದ್ರಲ್ಲಿ ಏನೂ ಇರ್ಬಾರ್ದಂತೆ" ಎಂದಳು. ಹುಣಸೂರಿನ ಒಬ್ಬರು ಮೆಚ್ಚಿನ ಲೀಡರೊಬ್ಬರ ಮುಖವನ್ನು ಎದೆ ಮೇಲೆ ಬಿಡಿಸಿಕೊಂಡಿದ್ದರು. "ಅವ್ರು ಪಾರ್ಟಿ ಬದಲಾಯ್ಸುದ್ರು ಕಣಕ್ಕ, ನಾನು ಎದೆ ಎಲ್ಲಿ ಬದಲಾಯ್ಸ್ಲಿ?" ಎಂದು ಗೋಳಾಡಿದರು. ನನ್ನ ಕಥೆ ಕೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ನಗು ನನಗೆ ಚುಚ್ಚಲಿಲ್ಲ.

ಐದು ಸಲ ಹೋಗಿ ಬಂದೆ, ನಡುನಡುವೆ ಎರಡೆರಡು ತಿಂಗಳು ಬಿಟ್ಟು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಬೆಳಕು ಬಿಡುತ್ತಾರೆ, ಒಗ್ಗರಣೆ ಸಾಸಿವೆ ತೋಳಿಗೆ ಸಿಡಿದ ಹಾಗೆ ಆಗುತ್ತದೆ. ನಲವತ್ತು ವರ್ಷ ಒಲೆ ಮುಂದೆ ನಿಂತವಳಿಗೆ ಅದೇನು ಮಹಾ! ಡಾಕ್ಟರಮ್ಮ ಎಡಗೈ ಮುಟ್ಟಿ, "ಈ ತುಳಸೀನೂ ತೆಗೀಬೇಕಾ?" ಎಂದಾಗ ಮಾತ್ರ ಹೆದರಿಬಿಟ್ಟೆ. "ಅಯ್ಯಯ್ಯೋ, ಅದು ದೇವ್ರುದ್ದು ಕಣಮ್ಮ, ನಂಜೊತೆ ಬರೋದು ಅದೊಂದೇ!" ಮೊದಲು 'ಪು' ಮಾಸಿತು, ಆಮೇಲೆ 'ರಾ'. ಐದನೇ ಸಲಕ್ಕೆ ಅಲ್ಲಿ ಉಳಿದದ್ದು ತೊಳೆದ ಅಕ್ಕಿಯಂಥ ಒಂದು ಬಿಳಿ ಮಚ್ಚೆ.

ಹರಕೆಯಂತೆ ಬೆಟ್ಟ ಹತ್ತಿದೆ. ರವಿಕೆಯ ತೋಳನ್ನು ಭುಜದತ್ತ ಮಡಿಸಿಕೊಂಡೇ ಹತ್ತಿದೆ. ತೋಳಿಗೆ ಗಾಳಿ ಬಡಿಯುವುದು ಅಷ್ಟು ಸುಖ ಎಂದು ನನಗೆ ಗೊತ್ತೇ ಇರಲಿಲ್ಲ. ಅರ್ಚಕರು, "ಯಾರ ಹೆಸರಿಗಮ್ಮ ಅರ್ಚನೆ?" ಎಂದರು. ಯಾವಾಗಲೂ ಇವರನ್ನು ಮೊಣಕೈಯಿಂದ ತಿವಿಯುತ್ತಿದ್ದೆ, ಇವರೇ ಹೇಳುತ್ತಿದ್ದರು. ಅವತ್ತು ಇವರು ಇನ್ನೂ ಕೊನೆಯ ಮೆಟ್ಟಿಲಲ್ಲಿ ಕೂತು ಉಸಿರು ಬಿಡುತ್ತಿದ್ದರು. ನಾನು ದೇವರ ಮುಖ ನೋಡಿದೆ.

"ಸಣ್ಣೇಗೌಡ್ರು" ಎಂದೆ. ಗುಡಿಯ ಕಲ್ಲಿಗೆ ತಾಗಿ ತಿರುಗಿ ಬರುವಷ್ಟು ಗಟ್ಟಿಯಾಗಿ.

ಹಿಂದಿನಿಂದ, "ಯಾರ್ಲಾ ಅದು ಕರ್ದದ್ದು?" ಎಂದು ಕೇಳಿತು. ತಿರುಗಿದೆ. ಇವರು ಟವಲ್ಲು ಹಿಡಿದು ಎದ್ದು ನಿಂತು ಅತ್ತಿತ್ತ ಹುಡುಕುತ್ತಿದ್ದರು. ನಾನೇ ಎಂದು ತಿಳಿದಾಗ ಅದೇ ಟವಲ್ಲಿನಿಂದ ಮುಖ ಮುಚ್ಚಿಕೊಂಡರು, ಮದುಮಗನ ಹಾಗೆ.

ಲಕ್ಷ್ಮಿ ಹೊಲಿದುಕೊಟ್ಟ ರವಿಕೆಯನ್ನು ಇವತ್ತು ಬೆಳಿಗ್ಗೆ ತೊಟ್ಟುಕೊಂಡು, ಅಂಗಳದಲ್ಲಿ ರಾಗಿ ಹರವುತ್ತಿದ್ದೆ. ಜಗುಲಿಯಿಂದ ಇವರು ಹೇಳಿದರು: "ಬಿಸ್ಲು ಜೋರಾಗದೆ, ತೋಳು ಕಪ್ಪಾಯ್ತದೆ ಕಣೆ."

"ಆಗ್ಲಿ ಬುಡ್ರೀ," ಎಂದೆ, "ಈಗ ಅದು ನಂದು."