ದೇರಾದ ಮನೆಗೆ ಬಂದ ಸಿಡಿಲುಗಲ್ಲು

ನಮ್ಮ ಕಟ್ಟಡದ ಮಕ್ಕಳು ನನ್ನನ್ನು 'ಸ್ಟೋನ್ ಆಂಟಿ' ಎನ್ನುತ್ತಾರೆ. ಕೇಳಿದರೆ ಮೈ ಉರಿಯುತ್ತದೆ, ಆದರೆ ಅವರ ತಪ್ಪೇನಿಲ್ಲ. ದುಬೈನ ದೇರಾದ ಈ ಫ್ಲಾಟಿಗೆ, ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿಯುವ ಗಂಡನ ಬಳಿಗೆ ಬಂದು ಸೇರುವ ಮೊದಲು, ಉತ್ತರ ಕರ್ನಾಟಕದ ನದಿಬಯಲುಗಳಲ್ಲಿ ಕಲ್ಲು ಹೆಕ್ಕುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಕಾಲೇಜಿನಲ್ಲಿ ಇತಿಹಾಸದ ಪಾಠ, ರಜೆ ಬಂತೆಂದರೆ ನವಶಿಲಾಯುಗದ ದಿಬ್ಬಗಳು.

ಆ ದಿಬ್ಬಗಳ ಪಕ್ಕದ ಊರುಗಳಲ್ಲಿ, ನೇಗಿಲಿಗೆ ಸಿಕ್ಕ ಕಲ್ಲಿನ ಕೊಡಲಿಗಳನ್ನು ಜನ ಬೇವಿನ ಕಟ್ಟೆಯ ಮೇಲೆ ನೆಟ್ಟು, ಎಣ್ಣೆ ಹಚ್ಚಿ ಪೂಜಿಸುತ್ತಿದ್ದರು. ಸಿಡಿಲಿನ ಜೊತೆ ಬಿದ್ದ ಕಲ್ಲು ಎನ್ನುತ್ತಿದ್ದರು. ಜಿಡ್ಡು ತೊಳೆದು ಅಳತೆ ತೆಗೆದುಕೋ, ಕಥೆ ಬಿಡು ಎಂದು ನನ್ನ ಗುರುಗಳು ಗದರುತ್ತಿದ್ದರು. ಬಿಡಲಾಗಲಿಲ್ಲ. ಗುಡುಗಿದಾಗಲೆಲ್ಲ ಸಿಡಿಲು ಬಡಿಯದಿರಲೆಂದು, ಗರಿಗಳ ಭಾನುವಾರ ಇಗರ್ಜಿಯಿಂದ ತಂದಿಟ್ಟ ಒಣಗರಿಯನ್ನು ಸುಡುತ್ತಿದ್ದ ಅಜ್ಜಿಯ ಮಡಿಲಲ್ಲಿ ಬೆಳೆದ ಮಂಗಳೂರಿನ ಕೊಂಕಣಿ ಹುಡುಗಿ ನಾನು. ಸಿಡಿಲಿನ ಕಥೆಗೆ ಕಿವಿ ಮುಚ್ಚಿಕೊಳ್ಳುವುದು ಹೇಗೆ? ಕಲ್ಲಿನ ಜೊತೆ ಕಥೆಗಳನ್ನೂ ಕೂಡಿಸತೊಡಗಿದೆ. ಪ್ರಾಗಿತಿಹಾಸದವರು ನನ್ನನ್ನು ಜಾನಪದದವಳು ಎಂದರು, ಜಾನಪದದವರು ಕಲ್ಲಿನವಳು ಎಂದರು. ಇಬ್ಬರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವಂತೆ ನನ್ನ ಬಡ್ತಿ ತಡವಾಗುತ್ತಲೇ ಹೋಯಿತು.

ಇಲ್ಲಿಗೆ ಬಂದ ಮೇಲೆ ಅದೆಲ್ಲ ಖಲಾಸ್ ಎಂದುಕೊಂಡಿದ್ದೆ. ಅಬುಧಾಬಿಯ ಕಡೆ ಮರಳಿನಲ್ಲಿರುವ ಹಳೆಯ ಸಮಾಧಿಗಳನ್ನು ನೋಡಿ ಬಂದೆ, ಚೆನ್ನಾಗಿದ್ದವು. ಆದರೆ ನಾನು ಒಂದೇ ಸೀಮೆಯ ಕಲ್ಲನ್ನು ಬಲ್ಲವಳು.

ಆ ಸೀಮೆಯೇ ಒಂದು ದಿನ ಕೆಳಗಿನ ಮಹಡಿಗೆ ಬಂದಿಳಿಯಿತು. ಅಲ್ಲಿರುವ ಎಂಜಿನಿಯರನ ತಾಯಿ, ಬಾಗಲಕೋಟೆ ಕಡೆಯವರು, ಸೊಸೆಯ ಬಾಣಂತನಕ್ಕೆಂದು ವಿಸಿಟ್ ವೀಸಾದಲ್ಲಿ ಬಂದರು. ಸೊಸೆಗೆ ತಾಯಿ ಇರಲಿಲ್ಲ. ಜೋಳದ ಹಿಟ್ಟಿನ ಗಂಟುಗಳ ನಡುವೆ, ಬಟ್ಟೆಯಲ್ಲಿ ಸುತ್ತಿದ ಮನೆದೇವರೂ ಬಂದಿತ್ತು. ಅದನ್ನು ತೊಳೆದ ನೀರು ಕುಡಿದರೆ ಹೆರಿಗೆ ಹಗುರವಾಗುತ್ತದೆ ಎಂಬುದು ಅವರ ಮನೆತನದ ನಂಬಿಕೆ. ಸೊಸೆ ಹಲ್ಲಿನ ಡಾಕ್ಟರು, ಕುಡಿಯಲೊಲ್ಲೆ ಎಂದಳು. ಅತ್ತೆ ಕುಡಿಸದೆ ಬಿಡೆ ಎಂದರು. ಕೊನೆಗೆ ನನ್ನ ಮಾತಿಗೆ ಇಬ್ಬರೂ ಒಪ್ಪುವುದೆಂದು ಠರಾವಾಗಿ ಕರೆ ಬಂತು. ಕಲ್ಲಿನ ವಿಷಯಕ್ಕೆ ಅಷ್ಟು ತುರ್ತಾಗಿ ನನ್ನನ್ನು ಯಾರೂ ಕರೆಸಿದ್ದಿಲ್ಲ, ಉಬ್ಬಿಕೊಂಡೇ ಹೋದೆ.

ಬಟ್ಟೆ ಬಿಚ್ಚಿದ ಕೂಡಲೇ ಗುರುತು ಸಿಕ್ಕಿತು. ಕರಿಕಲ್ಲು, ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಉಜ್ಜಿ ಹರಿತ ಮಾಡಿದ ಬಾಯಿ. ಅಂಗೈಯಲ್ಲಿ ಹಿಡಿದು ಹೊರಳಿಸಿ ನೋಡಿದೆ. ಇದು ಕೊಡಲಿ, ಕಬ್ಬಿಣ ಬರುವ ಮೊದಲು ಯಾರೋ ದಿನಗಟ್ಟಲೆ ಕೂತು ಉಜ್ಜಿದ್ದು, ಕಾನೂನಿನ ಪ್ರಕಾರ ದೇಶ ಬಿಟ್ಟು ತರಬಾರದಿತ್ತು, ಹೋಗುವಾಗ ಜೋಪಾನವಾಗಿ ಒಯ್ಯಿರಿ ಎಂದೆ. ಸೊಸೆ ಗೆದ್ದವಳಂತೆ ಗಂಡನ ಮುಖ ನೋಡಿದಳು. ಅತ್ತೆಯ ಮುಖ ಬಿಳಿಚಿಕೊಂಡಿತು.

"ಕೊಡ್ಲಿ?" ಎಂದರು. "ಬಸರಿ ಹೆಂಗಸಿನ ಮನ್ಯಾಗ ನಾ ಕೊಡ್ಲಿ ತಂದಿಟ್ಟೇನ?"

ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಅದು ಒಬ್ಬರ ಎದೆಗೆ ನಾಟುವುದನ್ನು ಕಂಡದ್ದು ಅಂದೇ. ದೇವರೋ ಕಲ್ಲೋ ಎಂಬುದಕ್ಕೆ ಉತ್ತರ ಕಟ್ಟಿಕೊಂಡು ಹೋಗಿದ್ದೆನೇ ಹೊರತು, ಕೊಡಲಿ ಎಂಬ ಮಾತೇ ಅಪಶಕುನವಾದೀತೆಂದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಂಜಿನಿಯರ್ ಮೇಲೆ ಬಂದ. ತಾಯಿ ಕಲ್ಲನ್ನು ಬಾಲ್ಕನಿಗೆ ಹಾಕಿದ್ದರು, ಊಟ ಬಿಟ್ಟಿದ್ದರು. ಮಗು ಹುಟ್ಟುವ ಮೊದಲು ಅದನ್ನು ಈ ಮನೆಯಿಂದ ತಾವೇ ದೂರ ಒಯ್ಯಬೇಕೆಂದು ಹಟ ಹಿಡಿದು ಟಿಕೆಟ್ ಮಾಡಿಸಿದ್ದರು. ಎಷ್ಟೋ ವರ್ಷ ಹರಕೆ ಹೊತ್ತು ಕಾದ ಮೊಮ್ಮಗು ಅದು. ಅವನು ಹೋದ ಮೇಲೆ ನನ್ನ ಗಂಡ ಚಾ ಹೀರುತ್ತ, ದೇವರು ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದರು. ಸಿಟ್ಟು ನೆತ್ತಿಗೇರಿತು. ಕೊಡಲಿಯನ್ನು ಕೊಡಲಿ ಎನ್ನದೆ ಇನ್ನೇನೆನ್ನಲಿ? ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಕೂಸಿನ ಮುಖ ನೋಡದೆ ಆ ತಾಯಿ ವಿಮಾನ ಹತ್ತುವುದನ್ನು ನೆನೆದು ಸಂಕಟವಾಯಿತು.

ಇಳಿದು ಹೋದೆ. ಹಳ್ಳಿಗಳಲ್ಲಿ ಮಾಡುತ್ತಿದ್ದಂತೆ ಅವರ ಪಕ್ಕ ನೆಲಕ್ಕೆ ಕೂತು, ನಿಮ್ಮ ಬಾಣಂತನ ಹೇಗೆ ಮಾಡಿದ್ದರು ಎಂದು ಕೇಳಿದೆ. ಕಿರಿಸ್ತಾನರಿಗೆ ನಮ್ಮ ಸುದ್ದಿ ಯಾಕೆಂದು ಗೊಣಗಿದರು. ಆಮೇಲೆ ಒಂದೊಂದಾಗಿ ಬಂತು: ಬಾಗಿಲಿಗೆ ಬೇವಿನ ಸೊಪ್ಪು, ಕೂಸಿಗೆ ಬಜೆ, ಕೆಟ್ಟ ಗಾಳಿ ಸುಳಿಯದಂತೆ ಬಾಣಂತಿಯ ತಲೆದೆಸೆಗೆ ಕುಡುಗೋಲು. ಅಷ್ಟು ಹೇಳಿ ಬಾಲ್ಕನಿಯಲ್ಲಿದ್ದ ಕಲ್ಲಿನತ್ತ ನೋಡಿದರು.

"ಕುಡಗೋಲಿಗೂ ಬಾಯಿ ಐತಿ," ಎಂದು ತಮಗೆ ತಾವೇ ಹೇಳಿಕೊಂಡರು. ಬಳಿಕ ನನ್ನತ್ತ ತಿರುಗಿದರು. "ಕಬ್ಬಿಣ ಇಲ್ಲದಾಗ ತಲಿದೆಸಿಗೆ ಏನ್ ಇಡತಿದ್ರು?"

ಈ ಕಲ್ಲನ್ನೇ ಎನ್ನಲು ನಾಲಿಗೆ ತುರಿಸಿತು. ಅಷ್ಟು ಹೇಳಿದ್ದರೆ ಕೆಲಸವಾಗುತ್ತಿತ್ತು.

"ಗೊತ್ತಿಲ್ಲ ಅಮ್ಮ," ಎಂದೆ. "ನಾವು ಅಗೆದಲ್ಲಿ ಎಲ್ಲಿಯೂ ಅದಕ್ಕೆ ಗುರುತು ಸಿಕ್ಕಿದ್ದಿಲ್ಲ."

"ನಿಮಗ ಸಿಕ್ಕಿಲ್ಲಂದ್ರ ಇದ್ದಿಲ್ಲಂತೇನು?"

ಅವರು ಎದ್ದು ಬಾಲ್ಕನಿಯಿಂದ ಕಲ್ಲನ್ನು ತಂದರು. ನಲ್ಲಿಯಡಿ ತೊಳೆದು ಸೆರಗಿನಲ್ಲಿ ಒರೆಸಿದರು. ಎಣ್ಣೆ ಹಚ್ಚಲಿಲ್ಲ, ಕುಂಕುಮ ಇಡಲಿಲ್ಲ. ಬಾಯಿಯ ಮೇಲೆ ಬೆರಳಾಡಿಸಿ ನೋಡಿ ಮಗನನ್ನು ಕರೆದರು.

"ಟಿಕೇಟ್ ಬ್ಯಾಡ ಅನ್ನಪಾ. ಕೂಸಿನ ತಲಿದೆಸಿಗೆ ಇದನ್ನ ಇಡಾಕ ಹಿರ‍್ಯಾಕಿ ಒಬ್ಬಾಕಿ ಬೇಕಲ್ಲ."

ಸೊಸೆ ಅಷ್ಟು ಹೊತ್ತೂ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ನೀರ್ ಮಾತ್ರ ಕುಡಿಯಂಗಿಲ್ಲ ನೋಡ್ರಿ ಅತ್ತಿ," ಎಂದು ಒಳಗೆ ಹೋಗಿ, ಹೊಟ್ಟೆ ಹಿಡಿದುಕೊಂಡು ಬಗ್ಗಿ, ಮಂಚದ ತಲೆದೆಸೆಯಲ್ಲಿ ಜಾಗ ಮಾಡತೊಡಗಿದಳು.