ವಿಯೆಕೆಸ್ ದ್ವೀಪದ ಜೀಗುಜ್ಜೆ

ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ನಮ್ಮ ಬೆನ್ನುಚೀಲ ಬಿಚ್ಚಿಸಿದಾಗ ಮೊದಲು ಹೊರಬಂದದ್ದು ಪ್ರೆಶರ್ ಕುಕ್ಕರ್. ಪ್ರಯಾಣಿಕರ ಚೀಲ ತೆಗೆದು ನೋಡುವ ಪದ್ಧತಿ ಆಗಿನ್ನೂ ಹೊಸದು. ಕಾವಲಿನವನು ಮುಚ್ಚಳ ತೆಗೆದ. ಒಳಗೆ ಅವಲಕ್ಕಿ ಪೊಟ್ಟಣ, ಅದರ ಪಕ್ಕ ಒಗ್ಗರಣೆ ಡಬ್ಬಿ. ಅವನು ಸಾಸಿವೆ ಮೂಸಿ ನೋಡಿ ಮುಚ್ಚಿಟ್ಟ.

"ಬ್ಯಾಕ್‌ಪ್ಯಾಕ್ ಹಾಕ್ಕೊಂಡು ಹೋಗೋರು ಯಾರಾದ್ರೂ ಕುಕ್ಕರ್ ತರ್ತಾರೇನೇ?" ಎಂದು ನಮ್ಮವರು ಮೆಲ್ಲಗೆ ಕೇಳಿದರು. ಅವರು ಮೈಸೂರಿನವರು, ಬೈಯುವುದೂ ಮೆಲ್ಲಗೇ.

"ಹೊಟ್ಟೆ ಮನೆಯಲ್ಲಿ ಬಿಟ್ಟು ಬರ್ಲಿಕ್ಕೆ ಆಗ್ತದಾ ಮಾರಾಯ್ರೆ?" ಎಂದೆ.

ಅದು ಎಪ್ಪತ್ನಾಲ್ಕರ ಫೆಬ್ರವರಿ, ಪೆಟ್ರೋಲಿಗಾಗಿ ಕಾರುಗಳು ರಸ್ತೆಯುದ್ದ ಸಾಲು ನಿಂತ ಚಳಿಗಾಲ. ಮದುವೆಯಾಗಿ ನ್ಯೂಜೆರ್ಸಿಯ ವುಡ್‌ಬ್ರಿಡ್ಜಿನ ಅಪಾರ್ಟ್‌ಮೆಂಟಿಗೆ ಬಂದು ನನಗೆ ವರ್ಷ ತುಂಬಿರಲಿಲ್ಲ. ಉಡುಪಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು ಇಲ್ಲಿ ಕಿಟಕಿಯಿಂದ ಸ್ನೋ ನೋಡುತ್ತ ಕೂತಿದ್ದೆ. ಕಾರು ಬಿಡಲು ಬಾರದು, ನಡೆದು ಹೋಗಲು ದಾರಿಯಿಲ್ಲ. ಶಾಲೆಯವರು ಜೂನ್‌ವರೆಗೆ ನನ್ನ ಜಾಗ ಕಾದಿಟ್ಟಿದ್ದರು. ನಾನು ಊರಿಗೆ ಹೊರಟೆ, ಇದೇ ಕೊನೆಯ ಮಾತು ಎಂದು ಜನವರಿಯಲ್ಲೇ ಹೇಳಿಬಿಟ್ಟಿದ್ದೆ. ನಮ್ಮವರು ತಡೆಯಲಿಲ್ಲ. "ಬಿಸಿಲಿರೋ ಕಡೆ ಒಂದು ವಾರ ಹೋಗಿ ಬರೋಣ. ಆಮೇಲೂ ಹೋಗ್ಬೇಕು ಅನ್ನಿಸಿದ್ರೆ ಟಿಕೆಟ್ ನಾನೇ ತೆಗೆಸ್ತೀನಿ" ಎಂದರು. ತಮ್ಮ ಲ್ಯಾಬಿನ ಸಹೋದ್ಯೋಗಿಯಿಂದ ಎರಡು ಚೀಲ ಎರವಲು ತಂದರು. ಹೊರಟದ್ದು ಕೆರಿಬಿಯನ್ ಕಡಲಿನ ಪೋರ್ಟರಿಕೋಗೆ; ಅದು ಅಮೆರಿಕದ್ದೇ ಆದ್ದರಿಂದ ವೀಸಾದ ತಂಟೆಯಿರಲಿಲ್ಲ.

ಸುಮಾರು ನಾಲ್ಕು ಗಂಟೆಯ ಹಾರಾಟದ ಮೇಲೆ ಸಾನ್ ಹ್ವಾನ್‌ನಲ್ಲಿ ಇಳಿದಾಗ ಬೆವರು ಕಿತ್ತುಕೊಂಡು ಬಂತು. ಆಹಾ, ಎಷ್ಟು ದಿನವಾಗಿತ್ತು ಬೆವರಿ! ಕೋಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸರ್ವಿಸ್ ಕಾರೊಂದರಲ್ಲಿ ಐದಾರು ಜನರ ನಡುವೆ ಒತ್ತಿಕೊಂಡು ಕೂತು ಪೂರ್ವ ತುದಿಯ ಫಹಾರ್ಡೊ ಎಂಬ ಬಂದರಿಗೆ ಹೋದೆವು. ಅಲ್ಲಿಂದ ವಿಯೆಕೆಸ್ ದ್ವೀಪಕ್ಕೆ ಲಾಂಚು, ದರ ಬಲು ಅಗ್ಗ. ಅಲೆ ಎತ್ತಿ ಹಾಕಿದಂತೆಲ್ಲ ನಮ್ಮವರ ಮುಖ ಬಿಳಿಚಿತು. ನಾನು ಮಲ್ಪೆಯ ದಡದಲ್ಲಿ ಬೆಳೆದವಳು, ನೆಮ್ಮದಿಯಾಗಿ ಅವಲಕ್ಕಿ ತಿಂದೆ.

ನಾವು ಕೋಣೆ ಹಿಡಿದದ್ದು ದಕ್ಷಿಣ ದಡದ ಒಂದು ಹಳ್ಳಿಯಲ್ಲಿ, ಡೋನ್ಯಾ ಕಾರ್ಮೆನ್ ಎಂಬ ವಿಧವೆಯ ಮನೆಯಲ್ಲಿ. ತಗಡಿನ ಮಾಡು, ಎರಡು ಮಂಚ, ಅಂಗಳದಲ್ಲಿ ಯಾರದೋ ಕುದುರೆಗಳು. ಮಧ್ಯಾಹ್ನ ಮೋಡವಿಲ್ಲದೆ ಗುಡುಗು ಕೇಳಿಸಿತು. ದ್ವೀಪದ ಇನ್ನೊಂದು ತುದಿಯಲ್ಲಿ ನೌಕಾಪಡೆಯ ಗುಂಡಿನ ಅಭ್ಯಾಸ ಎಂದು ಆಕೆ 'ನೇವಿ' ಎಂಬ ಒಂದು ಪದ ಮತ್ತು ಕೈಸನ್ನೆಯಲ್ಲೇ ತಿಳಿಸಿ, ಅತ್ತ ಮುಖ ಸಿಂಡರಿಸಿದಳು.

ಮರುದಿನ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಕಡಲಿಗಿಳಿದೆ. ನಮ್ಮವರು ಮೊಣಕಾಲುಮಟ್ಟದ ನೀರಿನಲ್ಲೇ ನಿಂತುಬಿಟ್ಟರು.

"ಬನ್ನಿ, ಎಂತ ಆಗುದಿಲ್ಲ."

"ಕಾವೇರೀಲಿ ಸ್ನಾನ ಮಾಡಿದವನು ಕಣೇ ನಾನು. ಇದು ಎಳೆಯತ್ತೆ."

ಅವರ ಕೈ ಹಿಡಿದು, ಅಲೆ ಬಂದಾಗ ಹೇಗೆ ಹಾರಬೇಕೆಂದು ತೋರಿಸಿದೆ. ಎದೆಮಟ್ಟದ ನೀರಿನಲ್ಲಿ ಅವರು ಮಗುವಿನ ಹಾಗೆ ನಕ್ಕರು. ವುಡ್‌ಬ್ರಿಡ್ಜಿನಲ್ಲಿ ಹಾಲು ತರುವುದರಿಂದ ಹಿಡಿದು ಎಲ್ಲಕ್ಕೂ ನಾನು ಅವರ ಕೈ ಹಿಡಿಯಬೇಕಿತ್ತು. ಇಲ್ಲಿ ಅವರು ನನ್ನದನ್ನು ಬಿಡಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಬಹಳ ಖುಷಿಯಾಯಿತು.

ಹಿಂತಿರುಗುವಾಗ ಮನೆಯ ಹಿಂದೆ ಕಂಡಿತು ಜೀಗುಜ್ಜೆ ಮರ. ಅದೇ ಅಗಲ ಸೀಳೆಲೆ, ಹಲಸಿನ ತಮ್ಮನ ಹಾಗಿರುವ ಹಸಿರು ಕಾಯಿ. ನಮ್ಮ ಕರಾವಳಿಯಲ್ಲಿ ಅದರ ಪಲ್ಯವಿಲ್ಲದೆ ಔತಣವೇ ಇಲ್ಲ. ಮೈಸೂರಿನ ಮಹಾನುಭಾವರು "ಇದೇನು, ಹಲಸಿನಕಾಯಾ?" ಎಂದರು. ನಾನು ಉತ್ತರಿಸುವ ಗೋಜಿಗೆ ಹೋಗದೆ ನೇರ ಅಡುಗೆಮನೆಗೆ ನುಗ್ಗಿದೆ. ಕಾಯಿ ತೋರಿಸಿ, ಕತ್ತರಿಸುವ ಸನ್ನೆ ಮಾಡಿದೆ. ಇದರ ಮೇಣ ಅಂಟಿದರೆ ಬಿಡದು, ಎಣ್ಣೆ ಬೇಕು. ಅದನ್ನು ಹೇಗೆ ಕೇಳಲಿ ಎಂದು ಯೋಚಿಸುತ್ತಿರುವಾಗಲೇ ಡೋನ್ಯಾ ಕಾರ್ಮೆನ್ ಸೀಸೆ ತೆಗೆದು ತನ್ನ ಅಂಗೈಗೆ, ಕತ್ತಿಗೆ, ಆಮೇಲೆ ನನ್ನ ಅಂಗೈಗೂ ಎಣ್ಣೆ ಸವರಿದಳು. ತೆಂಗಿನೆಣ್ಣೆ! ನನ್ನ ಕಣ್ಣು ತುಂಬಿತು.

ಅರ್ಧ ಕಾಯಿಯನ್ನು ಆಕೆ ಬಿಲ್ಲೆ ಮಾಡಿ ಕರಿದಳು. ಇನ್ನರ್ಧಕ್ಕೆ ನಾನು ಸಾಸಿವೆ, ಒಣಮೆಣಸು ಒಗ್ಗರಣೆ ಹಾಕಿದೆ. ಕುಕ್ಕರಿನಲ್ಲಿ ಆಕೆಯ ಮನೆಯ ಕಾಳು ಬೆಂದಿತು. ಆಕೆ ಸೀನುತ್ತ, ಕೆಮ್ಮುತ್ತ, ಎರಡು ಸಲ ಬಡಿಸಿಕೊಂಡಳು.

ಆಕೆಗೆ ಒಂದಿಷ್ಟು ಇಂಗ್ಲಿಷ್ ಬರುತ್ತದೆಂದು ಊಟಕ್ಕೆ ಕೂತಾಗಲೇ ತಿಳಿದದ್ದು. ನ್ಯೂಯಾರ್ಕಿನಲ್ಲಿ ಹೊಲಿಗೆಯ ಕೆಲಸ ಮಾಡಿದ್ದಳಂತೆ. "ಮೊದಲ ಚಳಿಗಾಲ ದಿನಾ ಅತ್ತೆ" ಎಂದಳು. "ಎರಡನೆಯದರಲ್ಲಿ ಭಾನುವಾರ ಮಾತ್ರ."

"ಮೂರನೆಯದು?"

"ಪುರುಸೊತ್ತಿರಲಿಲ್ಲ. ಬಸ್ಸು ಹಿಡಿಯಬೇಕಿತ್ತು."

ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆ ಸಂಜೆ ನಮ್ಮವರನ್ನು ಕೇಳಿದೆ, "ಡ್ರೈವಿಂಗ್ ಕಲೀಲಿಕ್ಕೆ ಎಷ್ಟು ಸಮಯ ಬೇಕು?" ಅವರು ಕಲಿಸುತ್ತೇನೆ ಎಂದರು. ಮತ್ತೇನೂ ಕೇಳುವ ಧೈರ್ಯ ಮಾಡಲಿಲ್ಲ.

ಉಳಿದ ದಿನಗಳು ಈಜು, ನಿದ್ದೆ, ಜೀಗುಜ್ಜೆ ಇಷ್ಟರಲ್ಲೇ ಕಳೆದವು. ಸಂತೆಗೆ ನಾನೊಬ್ಬಳೇ ಹೋಗಿ ಮೀನಿನ ರಾಶಿ ದಾಟಿ ಬಾಳೆಕಾಯಿ ಚೌಕಾಸಿ ಮಾಡಿ ತಂದೆ. ಮೈ ಕಪ್ಪಾಯಿತು, ಮನಸ್ಸು ಹಗುರಾಯಿತು.

ಹೊರಡುವ ಬೆಳಿಗ್ಗೆ ಡೋನ್ಯಾ ಕಾರ್ಮೆನ್ ಮರದ ಬೇರಿನಿಂದ ಒಡೆದ ಸಸಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ವಿಮಾನದಲ್ಲಿ ಮಣ್ಣು ಗಿಡ ಬಿಡುವುದಿಲ್ಲ ಎಂದು ನಮ್ಮವರು ಹೇಳಿದರು. ಬಿಟ್ಟರೂ ನ್ಯೂಜೆರ್ಸಿಯ ಸ್ನೋದಲ್ಲಿ ಅದು ಬದುಕಬೇಕಲ್ಲ? ಸುಮ್ಮನೆ ಬಾಡಿಸುವುದೇಕೆಂದು ಬಾವಿಕಟ್ಟೆಯ ಹತ್ತಿರ ನಾನೇ ಗುಂಡಿ ತೋಡಿ ನೆಟ್ಟೆ. ನಮ್ಮವರು ನೀರು ಹೊಯ್ದರು.

"ಕಾಯಿ ಬಿಡೋಕೆ ಎಷ್ಟು ವರ್ಷ ಬೇಕು?"

"ನಾಲ್ಕೈದು ಆಗ್ತದೆ. ಆಗ ಬಂದು ನೋಡ್ಬೇಕು."

ಅವರು ಚೊಂಬು ಕೆಳಗಿಟ್ಟು ಸಸಿಯನ್ನೇ ನೋಡುತ್ತ ಹೇಳಿದರು, "ಅಷ್ಟೊತ್ತಿಗೆ ನೀನು ಉಡುಪೀಲಿ ಇರ್ತೀಯಲ್ಲ."

"ಉಡುಪಿಯಿಂದ ಇಲ್ಲಿಗೆ ತುಂಬ ದೂರ ಮಾರಾಯ್ರೆ" ಎಂದೆ. "ವುಡ್‌ಬ್ರಿಡ್ಜಿಂದಲೇ ಬರುವ."

ನಮ್ಮವರು ಸಸಿಗೆ ಇನ್ನೊಂದು ಚೊಂಬು ನೀರು ಹೊಯ್ದರು. ಲಾಂಚಿನವರೆಗೆ ಎರಡೂ ಚೀಲ ತಾವೇ ಹೊತ್ತರು, ಕುಕ್ಕರ್ ಸಮೇತ.